ಯಾರೂ ಎತ್ತದಿದ್ದರೆ

ನಮ್ಮ ಮನೆಗೆ ಬೋರ್ಡಿಲ್ಲ. ಗಂಡನ ಏಟಿಗೆ ಹೆದರಿ ಓಡಿಬಂದ ಹೆಂಗಸರು ಅಡಗಿರುವ ಮನೆ. ಬೋರ್ಡು ಹಾಕಿದರೆ ಕಳ್ಳನ ಕೈಗೆ ಕೀಲಿ ಕೊಟ್ಟ ಹಾಗೆ. ಇಲ್ಲಿನ ಮೇಲ್ವಿಚಾರಕಿ ನಾನು, ಎಲ್ಲರಿಗೂ ಅಕ್ಕ. ಬಾಯಿ ಜೋರು, ಎದೆ ಪುಕ್ಕಲು.

ಆಫೀಸಿನ ಗೋಡೆಯ ಮೇಲೆ ಫೋನಿನ ಪೆಟ್ಟಿಗೆಯಿದೆ. ಇಲ್ಲಿಂದ ಯಾರಿಗೆ ಫೋನು ಮಾಡಿದರೂ ಆಚೆಯವರಿಗೆ ನಮ್ಮ ನಂಬರು ಕಾಣದ ಹಾಗೆ ಅದರೊಳಗೆ ವ್ಯವಸ್ಥೆ ಮಾಡಿದ್ದವನು ಗೊಣಗ. ಗೊಣಗುತ್ತಲೇ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್, ಅದಕ್ಕೇ ಆ ಹೆಸರು. ಈಚೆಗೆ ನಮ್ಮ ಅಧ್ಯಕ್ಷರು ಅವನ ಕಂಪನಿಯನ್ನು ಬಿಡಿಸಿ ಬೇರೆಯವರಿಗೆ ಗುತ್ತಿಗೆ ಕೊಟ್ಟರು. ಹೊಸಬನ ಅಂಗಿಯ ಗೆರೆ ನೋಡಿ ನಮ್ಮವರು ಅವನನ್ನು ಇಸ್ತ್ರಿ ಸಾಹೇಬ ಎಂದು ಕರೆದರು. ಅವನು ಹಳೆಯ ಲೈನು ಕಿತ್ತ, ಹೊಸ ಲೈನು ಎಳೆದ, ಇನ್ನು ಮಾತು ಗಂಟೆ ಬಾರಿಸಿದಂತೆ ಕೇಳುತ್ತದೆ ಎಂದು ಬೀಗುತ್ತಾ ಹೋದ.

ಹೊಲಿಗೆಯವಳೊಬ್ಬಳು ನಮ್ಮಲ್ಲಿದ್ದಳು. ಕಡ್ಡಿಯಂಥ ಮೈ, ನಾವು ಸೂಜಿ ಅನ್ನುತ್ತಿದ್ದೆವು. ಅವಳನ್ನು ಹುಡುಕಲೆಂದೇ ಗಂಡ ಅವಳ ಅಮ್ಮನ ಮನೆಯಲ್ಲಿ ಠಿಕಾಣಿ ಹೂಡಿದ್ದ. ಸಿಕ್ಕರೆ ಕೊಲ್ಲುತ್ತೇನೆಂದು ಬಾಯಿಬಿಟ್ಟೇ ಹೇಳಿದ್ದ. ವಾರಕ್ಕೊಮ್ಮೆ ಅವಳು ನನ್ನ ಮೇಜಿನ ಫೋನಿನಿಂದ ಅಮ್ಮನ ಜತೆ ಮಾತಾಡುತ್ತಿದ್ದಳು. ಈ ಸಲ “ಅಮ್ಮಾ” ಅಂದಳಷ್ಟೆ. ಆಚೆಯ ಮಾತು ನನಗೂ ಕೇಳಿಸಿತು.

“ಮಗಳೇ, ನಂಬರು ಕಾಣ್ತಿದೆ ಕಣೇ! ಇಡು, ಇಡು!”

ಸೂಜಿ ರಿಸೀವರ್ ಹಿಡಿದೇ ನಿಂತಳು. “ಅಮ್ಮನ ಫೋನನ್ನ ಅವನು ದಿನಾ ನೋಡ್ತಾನೆ ಅಕ್ಕಾ. ಅಳಿಸೋದು ಅಮ್ಮನಿಗೆ ಬರಲ್ಲ.”

“ಬರೀ ನಂಬರಿಂದ ಮನೆ ಸಿಕ್ಕಿಬಿಡುತ್ತಾ? ಸುಮ್ನಿರು,” ಎಂದೆ. ಅವಳ ಕೈಯಿಂದ ರಿಸೀವರ್ ಕಿತ್ತು ಇಟ್ಟೆ.

ಇಸ್ತ್ರಿ ಸಾಹೇಬನನ್ನು ಕರೆಸಿದೆ. “ಹೊಸ ಲೈನಲ್ಲಿ ನಂಬರು ಮುಚ್ಚೋಕೆ ಪೆಟ್ಟಿಗೆ ಒಳಗೆ ಹೋಗ್ಬೇಕು ಮೇಡಂ. ಪಾಸ್‌ವರ್ಡ್ ಹಳೇ ಕಂಪನಿಯವರ ಹತ್ರಾನೇ ಉಳಿದಿದೆ.”

“ಬೀಗದ ಕೈ ಇಸ್ಕೊಳ್ಳದೇನೇ ಮನೆ ಕಾಯೋಕೆ ಬಂದ್ರಾ?”

ಅವನು ಊಹೆಯ ಮೇಲೆ ಏನೇನೋ ಒತ್ತಿದ. ಪೆಟ್ಟಿಗೆ ಮುನಿಸಿಕೊಂಡು ಪೂರ್ತಿ ಲಾಕ್ ಆಯಿತು; ಫೋನು ನಡೆಯುತ್ತಿತ್ತು, ಒಳಗೆ ಹೋಗುವ ದಾರಿ ಮಾತ್ರ ಮುಚ್ಚಿತು.

ಗೊಣಗನಿಗೆ ಫೋನು ಮಾಡಿ ಅಂಗಲಾಚಿದೆ. “ಬಿಡಿಸುವಾಗ ಒಂದು ಮಾತು ಕೇಳಿದ್ರಾ ಅಕ್ಕಾವ್ರೇ? ಕಂಪನಿ ಹೇಳದೆ ನಾನು ಕೊಟ್ರೆ ನನ್ನ ಕೆಲಸ ಹೋಗುತ್ತೆ. ನಿಮ್ಮ ಅಧ್ಯಕ್ಷರ ಕೈಲಿ ಕೇಳಿಸಿ.” ಅಧ್ಯಕ್ಷರ ಫೋನು ಸ್ವಿಚ್ ಆಫ್. ಅತ್ತ ದರಿ, ಇತ್ತ ಪುಲಿ.

ಸಂಜೆಗೆ ಫೋನು ಬಂತು. ಎತ್ತಿದೆ. ಆ ಕಡೆ ಮಾತಿಲ್ಲ, ಉಸಿರು ಮಾತ್ರ. “ರಾಂಗ್ ನಂಬರ್” ಎಂದು ಇಟ್ಟೆ. ಮತ್ತೆ ಹೊಡೆದುಕೊಂಡಿತು. ವೈರು ಕೀಳೋಣವೆಂದರೆ ಪೊಲೀಸ್ ಠಾಣೆಯವರ ಫೋನು ಬರುವುದೂ ಅದೇ ಲೈನಿನಲ್ಲಿ.

“ಗುರುತಿನ ನಂಬರು ಬಿಟ್ಟು ಬೇರೆ ಯಾವುದನ್ನೂ ಯಾರೂ ಎತ್ತಬೇಡಿ,” ಎಂದು ಅಪ್ಪಣೆ ಮಾಡಿದೆ. ಎತ್ತದ ಫೋನು ಯಾರಿಗೆ ಏನು ಹೇಳೀತು? ನಾವೆಲ್ಲ ನಡುಮನೆಯಲ್ಲಿ ಕೂತಿದ್ದೆವು. ಆಫೀಸಿನಲ್ಲಿ ಅದು ಹೊಡೆದುಕೊಳ್ಳುವುದು, ನಿಲ್ಲುವುದು. ನಿಂತಾಗಲೆಲ್ಲ ಅವನು ಸೋತ ಎಂದುಕೊಂಡು ನಾನು ಉಸಿರು ಬಿಡುತ್ತಿದ್ದೆ. ಸೂಜಿ ದಾರ ಪೋಣಿಸದ ಮಿಷನ್ನನ್ನು ತುಳಿಯುತ್ತಲೇ ಇದ್ದಳು. ನಿಲ್ಲಿಸು ಅನ್ನುವ ಧೈರ್ಯ ನನಗೆ ಬರಲಿಲ್ಲ.

ಬೆಳಿಗ್ಗೆ ಯಾರೋ ಗೇಟು ಬಡಿದರು. ಕಿಂಡಿಯಲ್ಲಿ ಇಣುಕಿದರೆ ಏದುಸಿರು ಬಿಡುತ್ತಿದ್ದ ಮುದುಕಿ, ಕಾಲಲ್ಲಿ ಬಚ್ಚಲುಮನೆಯ ಚಪ್ಪಲಿ. ನನ್ನ ಬೆನ್ನ ಹಿಂದಿನಿಂದ ಸೂಜಿ ಚೀರಿದಳು, “ಅಮ್ಮಾ!”

ಒಳಗೆ ಎಳೆದುಕೊಂಡು ಅಗುಳಿ ಹಾಕಿದೆ. “ದಾರಿ ಯಾರು ಹೇಳಿದ್ರಮ್ಮಾ?”

“ನಿಮ್ಮ ಫೋನೇ ಹೇಳ್ತಲ್ಲ ತಾಯಿ. ಯಾರೂ ಎತ್ತದಿದ್ರೆ ಒಬ್ಬ ಹೆಣ್ಮಗಳು ಮಾತಾಡ್ತಾಳೆ. ಹೆರಿಗೆ ಆಸ್ಪತ್ರೆಗೆ ಸ್ವಾಗತ, ಹಳೇ ನೀರಿನ ಟ್ಯಾಂಕಿನ ಎದುರು, ಹಸಿರು ಗೇಟು ಅಂತ.”

ಈ ಮನೆ ಹಿಂದೆ ಹೆರಿಗೆ ಆಸ್ಪತ್ರೆಯಾಗಿತ್ತು. ಪೆಟ್ಟಿಗೆ ಅವರ ಕಾಲದ್ದು, ಅದರೊಳಗಿನ ದನಿಯೂ ಅವರದೇ. ಹಳೆಯ ಲೈನಿನಲ್ಲಿ ಗೊಣಗ ಅದರ ಬಾಯಿ ಮುಚ್ಚಿಸಿದ್ದಿರಬೇಕು. ಹೊಸ ಲೈನಿನಲ್ಲಿ ಮುಚ್ಚಿಸಿದವರಿಲ್ಲ. ನನ್ನ ಮಾತು ಕೇಳಿ ನಾವು ಎತ್ತದಿದ್ದಷ್ಟೂ ಸಲ ಅದು ನಮ್ಮ ದಾರಿ ಹೇಳಿತ್ತು.

“ಅವನು ಸ್ಪೀಕರ್ ಹಾಕ್ಕೊಂಡು ಮತ್ತೆ ಮತ್ತೆ ಕೇಳ್ತಿದ್ದ,” ಎಂದಳು ಅಮ್ಮ. “ಬೈಕು ಕೆಟ್ಟಿತ್ತು, ರಿಪೇರಿಗೆ ತಳ್ಕೊಂಡು ಹೋದ. ನಾನು ನಿಂತ ಕಾಲಲ್ಲೇ ಓಡಿಬಂದೆ.”

ಅಡುಗೆಯವಳ ಮೊಬೈಲಿನಿಂದ ಠಾಣೆಗೆ ಹೇಳಿದೆ. ಜೀಪು ಹೊರಟಿತು ಎಂದರು. ತಾಯಿ-ಮಗಳಿಬ್ಬರನ್ನೂ ಹಿಂಬಾಗಿಲಿಗೆ ಅಟ್ಟಿದೆ. ಆ ಬಾಗಿಲಿನ ಚಿಲಕ ತುಕ್ಕು ಹಿಡಿದದ್ದು. ಅಡುಗೆಯವಳು ಲಟ್ಟಣಿಗೆಯಿಂದ ಬಡಿಯತೊಡಗಿದಳು.

ಆಫೀಸಿನಲ್ಲಿ ಫೋನು ಹೊಡೆದುಕೊಂಡಿತು.

ಪೆಟ್ಟಿಗೆ ಬಾಯಿಬಿಡುವ ಮೊದಲು ಎತ್ತಬೇಕೆಂದು ಓಡಿದೆ. ಎತ್ತಿದೆ. ಈ ಸಲ ಉಸಿರಲ್ಲ, ಮಾತು. ಬಹಳ ಮರ್ಯಾದೆಯ ಮಾತು.

“ನಮಸ್ಕಾರ. ಟ್ಯಾಂಕಿನ ಹತ್ರಾನೇ ನಿಂತಿದ್ದೀನಿ. ಇಲ್ಲಿ ಹಸಿರು ಗೇಟು ಎರಡಿವೆಯಲ್ಲ, ನಿಮ್ಮದು ಯಾವುದು?”

ಹಿಂದೆ ಚಿಲಕ ಬಡಿಯುವ ಸದ್ದು ಇನ್ನೂ ನಿಂತಿರಲಿಲ್ಲ, ಜೀಪಿನ ಸದ್ದು ಇನ್ನೂ ಬಂದಿರಲಿಲ್ಲ.

“ಲೈನಲ್ಲೇ ಇರಪ್ಪಾ,” ಎಂದೆ, “ದಾರಿ ಹೇಳ್ತೀನಿ.”