ಮೂಸ್ ತಂದುಕೊಟ್ಟದ್ದು

ಈ ಸಲದ ರಜೆ ನಾಯಿಗೋಸ್ಕರ ಎಂದು ರೋವೀನಾ ತನ್ನ ಊರು ವುಸ್ಟರ್ ಬಿಡುವ ಮೊದಲೇ ಕಂಡಕಂಡವರಿಗೆಲ್ಲ ಹೇಳಿಬಿಟ್ಟಿದ್ದಳು. ಮೂಸ್‌ಗೆ ಹದಿಮೂರು ತುಂಬಿತ್ತು. ಕರಿಯ ಲ್ಯಾಬ್ರಡಾರ್, ಎತ್ತಿನಂಥ ತಲೆ, ಆದರೆ ಹಿಂಗಾಲುಗಳು ಸೋತುಹೋಗಿದ್ದವು. ಮನೆಯ ಮೂರು ಮೆಟ್ಟಿಲು ಹತ್ತಬೇಕಾದರೆ ಅವಳ ಗಂಡ ವೆಂಡೆಲ್ ಹೊಟ್ಟೆಯಡಿ ಟವೆಲ್ ಹಾಕಿ ಎತ್ತಬೇಕು. "ಅದು" ಎಂದರೆ ರೋವೀನಾಗೆ ಸಿಟ್ಟು ಬರುತ್ತಿತ್ತು, ಆದ್ದರಿಂದ ಇಲ್ಲಿಯೂ ಮೂಸ್ "ಅವನು" ಎಂದೇ ಇರಲಿ. ಪಶುವೈದ್ಯೆ ಅವನ ಸೊಂಟ ಒತ್ತಿ ನೋಡಿ, "ಒಂದ್ಸಲ ಸಮುದ್ರಕ್ಕೆ ಕರ್ಕೊಂಡು ಹೋಗಿ ಬನ್ನಿ, ಆಮೇಲೆ ಮಾತಾಡೋಣ" ಎಂದಿದ್ದಳು. ಆಮೇಲಿನ ಮಾತು ಕೊನೆಯ ಸೂಜಿಯದು ಎಂಬುದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಅದನ್ನು ಬಾಯಿಬಿಟ್ಟು ಆಡಲಿಲ್ಲ.

ಹನ್ನೊಂದು ವರ್ಷಗಳಿಂದ ಅವರು ಜುಲೈ ಬಂತೆಂದರೆ ಕೇಪ್ ಕಾಡ್‌ನ ಅದೇ ಬಾಡಿಗೆ ಮನೆಗೆ ಬರುತ್ತಿದ್ದರು. ಮನೆಯ ಹಿಂದೆ ಮರಳದಿಬ್ಬ, ದಿಬ್ಬದಾಚೆ ರಾಷ್ಟ್ರೀಯ ಉದ್ಯಾನದ ಕಡಲತೀರ. ಮೂಸ್ ಜೊತೆಗೆ ಪಿಕಲ್ ಎಂಬ ಗೇಣುದ್ದದ ಟೆರಿಯರ್ ನಾಯಿ ಕೂಡ ಇತ್ತು. ಮೈಯಲ್ಲಿ ಇಲ್ಲದ್ದನ್ನೆಲ್ಲ ಬಾಯಲ್ಲಿ ತುಂಬಿಕೊಂಡ ಪ್ರಾಣಿ ಅದು.

ಆ ತೀರದಲ್ಲಿ ನಾಯಿಗಳ ವಿಷಯಕ್ಕೆ ರೋವೀನಾ ಹೇಳಿದ್ದೇ ಕೊನೆಯ ಮಾತು. ಮೂವತ್ತು ವರ್ಷ ಶಾಲಾ ಬಸ್ಸು ಓಡಿಸಿದವಳು, ಮಕ್ಕಳನ್ನೇ ಸುಮ್ಮನಿರಿಸಿದವಳಿಗೆ ನಾಯಿ ಯಾವ ಲೆಕ್ಕ. ಅವಳು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದರೆ ಬೇರೆಯವರ ನಾಯಿಗಳೂ ಕೂತುಬಿಡುತ್ತಿದ್ದವು. ಮೂಸ್‌ಗಂತೂ ಅವಳು ಹಸಿ ಕೋಳಿಮೊಟ್ಟೆಯನ್ನು ಬಾಯಲ್ಲಿ ಹಿಡಿದು, ಒಂದು ಬಿರುಕೂ ಬೀಳದ ಹಾಗೆ ತಂದು ಅಂಗೈಯಲ್ಲಿ ಇಡುವುದನ್ನು ಕಲಿಸಿದ್ದಳು. ಹಾಗೆಂದು ಅವಳು ಕಾನೂನು ಮೀರುವವಳಲ್ಲ. ಉದ್ಯಾನದಲ್ಲಿ ನಾಯಿಗೆ ಆರಡಿಯ ಹಗ್ಗ ಇರಲೇಬೇಕು. "ನನ್ನ ನಾಯಿ ಕರೆದ್ರೆ ಬರುತ್ತೆ" ಎಂದು ಹಗ್ಗ ಬಿಚ್ಚಿ ಬಿಡುವವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಏಡಿ ಮತ್ತು ಚಿಪ್ಪುಮೀನು ಹುರಿದು ಮಾರುವ ಗೂಡಂಗಡಿಯ ಲೈಲ್‌ಗೆ ಇದಕ್ಕಾಗಿಯೇ ನಾಲ್ಕು ಜನರೆದುರು ಛೀಮಾರಿ ಹಾಕಿದ್ದಳು. ಲೈಲ್ ಯಾರದೋ ಹಿತ್ತಲಲ್ಲಿ ವ್ಯಾನ್ ನಿಲ್ಲಿಸಿಕೊಂಡು ಬೇಸಿಗೆಯೆಲ್ಲ ಅದರಲ್ಲೇ ಮಲಗುತ್ತಿದ್ದ. ಅವನ ದೊಡ್ಡ ಪಟ್ಟೆ ನಾಯಿ ಡಚೆಸ್‌ಗೆ ಹಗ್ಗ ಎಂಬುದೊಂದು ಇದೆಯೆಂದೇ ಗೊತ್ತಿರಲಿಲ್ಲ.

ತೀರದಲ್ಲಿ ಅವಳಿಗೆ ನಿಜವಾದ ಗೆಳತಿ ಎಂದರೆ ಫಿಲೋಮಿನಾ ಅವೆಲಾರ್. ಎಪ್ಪತ್ತಾರು ವರ್ಷ, ಮೀನುಗಾರರ ಮನೆತನ. ಬೆಳಿಗ್ಗೆ ಆರರಿಂದ ಮಧ್ಯಾಹ್ನದವರೆಗೆ ಮಡಚುವ ಕುರ್ಚಿ ಹಾಕಿಕೊಂಡು ಹಕ್ಕಿ ಕಾಯುವುದು ಅವಳ ಕೆಲಸ. ಸಂಬಳವಿಲ್ಲ. ಮರಳಿನದೇ ಬಣ್ಣದ, ಮುಷ್ಟಿಯಷ್ಟು ದೊಡ್ಡ ಪ್ಲೋವರ್ ಹಕ್ಕಿಗಳು ಅಲ್ಲಿ ಬರಿಯ ಮರಳಿನ ಮೇಲೆ ಮೊಟ್ಟೆ ಇಡುತ್ತವೆ. ಸುತ್ತ ಗೂಟ ನೆಟ್ಟು ದಾರ ಕಟ್ಟಿರುತ್ತಾರೆ, ಆದರೆ ಮರಿಗಳಿಗೆ ದಾರದ ಹಂಗಿಲ್ಲ, ಹುಳ ಹೆಕ್ಕಲು ನೀರಿನಂಚಿಗೆ ಓಡುತ್ತವೆ. ಆ ವರ್ಷ ನಾಲ್ಕು ಮೊಟ್ಟೆಗಳಲ್ಲಿ ಎರಡನ್ನು ನರಿ ತಿಂದಿತ್ತು, ಒಂದು ಮರಿಯನ್ನು ಕಾಗೆ ಒಯ್ದಿತ್ತು. ಉಳಿದದ್ದು ಒಂದೇ ಒಂದು ಮರಿ.

"ಇವತ್ತಿಗೆ ಇಪ್ಪತ್ತಮೂರು ದಿನ ಹುಡುಗಿ," ಎಂದು ಸೋಮವಾರ ಫಿಲೋಮಿನಾ ಹೇಳಿದ್ದಳು. ಐವತ್ತೆಂಟರ ರೋವೀನಾ ಅವಳಿಗೆ ಹುಡುಗಿಯೇ. "ಇನ್ನೆರಡು ದಿನ ಕಳೆದ್ರೆ ರೆಕ್ಕೆ ಬಲೀತದೆ. ಆಮೇಲೆ ಅದುಂಟು, ಆಕಾಶ ಉಂಟು. ನಾನು ಮನೇಗೆ ಹೋಗಿ ಕಾಲು ಚಾಚಿ ಮಲಗ್ತೀನಿ."

"ಎರಡು ದಿನ ತಾನೇ, ಆಗುತ್ತೆ ಬಿಡು," ಎಂದು ರೋವೀನಾ ಅವಳ ಕೈಗೆ ಕಾಫಿ ಕೊಟ್ಟಿದ್ದಳು. ದಿನವೂ ಕಾಫಿ ತಂದುಕೊಡುವುದು ಅವಳ ಪದ್ಧತಿ.

ಮಂಗಳವಾರ ಬೆಳಗಿನ ಐದೂವರೆಗೆ ತೀರದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ವೆಂಡೆಲ್ ಇನ್ನೂ ಗೊರಕೆಯಲ್ಲಿದ್ದ. ಮೂಸ್ ಎದೆಮಟ್ಟ ನೀರಿಗಿಳಿದ, ಕಾಲು ಬಡಿದ. ಆದರೆ ಒದ್ದೆ ಹಗ್ಗ ಸೊಂಟಕ್ಕೆ ಸುತ್ತಿಕೊಂಡು ಜಗ್ಗುತ್ತಿತ್ತು, ಜಗ್ಗಿದಾಗಲೆಲ್ಲ ಅವನು ನರಳುತ್ತಿದ್ದ. ಮೂರೇ ನಿಮಿಷ ಎಂದುಕೊಂಡಳು ರೋವೀನಾ. ನಡೆಯಲಾರದವನು ಎಲ್ಲಿ ಹೋದಾನು ಎಂದುಕೊಂಡಳು. ಕರೆದರೆ ಬರುತ್ತಾನೆ ಎಂದೂ ಅಂದುಕೊಂಡಳು. ಹಗ್ಗ ಬಿಚ್ಚಿದಳು.

ಅವನು ಈಜಿದ ಚಂದ ನೋಡಬೇಕಿತ್ತು. ಮರಿಯಾಗಿದ್ದಾಗಿನ ಹಾಗೆ ತಲೆಯೆತ್ತಿ, ಅಲೆ ಬಂದಾಗ ಕಣ್ಣು ಮುಚ್ಚಿ ಈಜಿದ. ದಡಕ್ಕೆ ಬಂದು ಮೈ ಒದರಿದ, ಮೂಗು ಎತ್ತಿದ, ಮತ್ತೆ ಓಡಿದ. ಹೌದು, ಓಡಿದ. ಎರಡು ವರ್ಷಗಳಿಂದ ಓಡದವನು ನೀರಿನಂಚಿನುದ್ದಕ್ಕೂ ಓಡಿದ. ಖುಷಿಯಲ್ಲಿ ರೋವೀನಾಳ ಕಣ್ಣಲ್ಲಿ ನೀರು ಬಂತು, ಸಿಳ್ಳೆ ಹಾಕಲು ಅಷ್ಟು ತಡವಾಯಿತು. ಸಿಳ್ಳೆ ಕೇಳಿದ್ದೇ ತಡ, ಅವನು ನಿಂತ, ತಿರುಗಿದ, ನೇರ ಅವಳ ಬಳಿಗೇ ಬಂದ. ನೋವಿನ ಸೊಂಟ ಮಡಿಸಿ ಎದುರಿಗೆ ಕೂತ. ಮೂತಿ ಚಾಚಿದ. ಕಲಿಸಿದ ಹಾಗೆಯೇ ಅಂಗೈಯಲ್ಲಿ ಇಟ್ಟ.

ಒಂದು ಹಲ್ಲಿನ ಗುರುತೂ ಇರಲಿಲ್ಲ. ಬೆಚ್ಚಗಿತ್ತು. ಕಡ್ಡಿಯಂಥ ಕಾಲು ಒಮ್ಮೆ ಮಡಚಿಕೊಂಡಿತು, ಆಮೇಲೆ ಇಲ್ಲ.

"ಒಳ್ಳೇ ಹುಡುಗ," ಎಂದಳು ರೋವೀನಾ. ತಂದುಕೊಟ್ಟಾಗ ಹಾಗೆನ್ನುವುದು ಹದಿಮೂರು ವರ್ಷದ ಅಭ್ಯಾಸ, ಬಾಯಿಯೇ ಆಡಿಬಿಟ್ಟಿತು. ಕೈಗೂ ಅದರದೇ ಅಭ್ಯಾಸ ಇತ್ತು. ನಾಯಿ ಸಾಕಿದವರ ಜೇಬಿನಲ್ಲಿ ಯಾವಾಗಲೂ ಇರುವ ಕರಿಯ ಪುಟ್ಟ ಚೀಲವನ್ನು ಕೈ ಎಳೆಯಿತು, ಒಳಮೈ ಹೊರಗೆ ಮಾಡಿತು, ಬಾಚಿ ಎತ್ತಿತು, ಗಂಟು ಹಾಕಿತು. ವಾಹನ ನಿಲ್ಲಿಸುವ ಜಾಗದ ಕಸದ ಡಬ್ಬಿಯ ಮುಚ್ಚಳ ಧಡ್ಡೆಂದಾಗಲೇ ಅವಳಿಗೆ ತಾನು ಮಾಡಿದ್ದೇನೆಂದು ತಿಳಿದದ್ದು. ಮರಿಯನ್ನು ನಾಯಿಯ ಹೇಲು ಎತ್ತುವ ಚೀಲದಲ್ಲಿ ಹಾಕಿಬಿಟ್ಟಿದ್ದಳು. ಹಿಂದೆ ತಾಯಿಹಕ್ಕಿ ಪೀಪ್ ಪೀಪ್ ಎಂದು ಕೂಗುತ್ತ, ಮುರಿದುಹೋದಂತೆ ಒಂದು ರೆಕ್ಕೆ ಎಳೆಯುತ್ತ ಮರಳಿನ ಮೇಲೆ ಉರುಳಾಡುತ್ತಿತ್ತು. ಪಿಕಲ್ ಅದಕ್ಕೆ ಬೊಗಳುತ್ತಿತ್ತು.

ಒಂಬತ್ತು ಗಂಟೆಗೆ ಕಾಫಿ ಒಯ್ಯದಿದ್ದರೆ ಅನುಮಾನ ಬಂದೀತೆಂದು ಒಯ್ದಳು. ಫಿಲೋಮಿನಾ ಕುರ್ಚಿಯಲ್ಲಿರಲಿಲ್ಲ. ಮರಳಿನಲ್ಲಿ ಮೊಣಕಾಲೂರಿದ್ದಳು, ಪಕ್ಕದಲ್ಲಿ ಉದ್ಯಾನದ ರೇಂಜರ್ ಟೆಸ್ಸಾ ಅಳತೆಪಟ್ಟಿ ಹಿಡಿದು ಬಗ್ಗಿದ್ದಳು. ನೀರು ಏರಿ ಹೆಜ್ಜೆಗುರುತುಗಳಲ್ಲಿ ಅರ್ಧವನ್ನು ತೊಳೆದಿತ್ತು, ಉಳಿದವು ದೊಡ್ಡ ನಾಯಿಯವು ಎಂದು ಯಾರಿಗಾದರೂ ಕಾಣುತ್ತಿತ್ತು.

"ಇನ್ಯಾರದು? ಆ ವ್ಯಾನಿನವಂದೇ," ಎಂದು ಫಿಲೋಮಿನಾ ಎದ್ದಳು. "ಇಪ್ಪತ್ತಮೂರು ದಿನ ಮಗೂ ಕಾದಂಗೆ ಕಾದಿದ್ದೆ!"

"ಅವನಿಗೆ ಈಗಾಗ್ಲೇ ಎರಡು ನೋಟಿಸ್ ಕೊಟ್ಟಿದೀವಿ," ಎಂದಳು ಟೆಸ್ಸಾ. "ಮೂರನೇದು ಕೊಟ್ರೆ ಆ ನಾಯಿ ಈ ವರ್ಷ ಉದ್ಯಾನದೊಳಗೆ ಕಾಲಿಡೋ ಹಾಗಿಲ್ಲ. ಆದ್ರೆ ಹೆಜ್ಜೆ ಒಂದೇ ಸಾಲದು. ನೀವು ಕಣ್ಣಾರೆ ನೋಡಿದ್ರಾ ಫಿಲೋಮಿನಾ?"

ಫಿಲೋಮಿನಾ ಒಂದು ಕ್ಷಣ ಸುಮ್ಮನಾದಳು. ಆ ಕ್ಷಣದಲ್ಲಿ ರೋವೀನಾಳ ನಾಲಿಗೆ ಹೊರಳಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು.

"ನೋಡ್ದೆ," ಎಂದಳು ಫಿಲೋಮಿನಾ. "ನಾನು ಬರುವಾಗ ಅದು ದಿಬ್ಬ ಹತ್ತಿ ಓಡ್ತಿತ್ತು." ಆಮೇಲೆ ರೋವೀನಾ ಕಡೆ ತಿರುಗಿದಳು. "ನೀನೇ ಹೇಳು ಹುಡುಗಿ, ಅವನ ನಾಯಿ ಯಾವತ್ತಾದ್ರೂ ಹಗ್ಗದಲ್ಲಿ ಇರತ್ತಾ?"

"ಇರಲ್ಲ," ಎಂದಳು ರೋವೀನಾ. ಅದು ಸುಳ್ಳಲ್ಲ. ಸುಳ್ಳಲ್ಲ ಎಂಬುದನ್ನೇ ಹಿಡಿದುಕೊಂಡು ಅವಳು ಮನೆಗೆ ಬಂದಳು, ಬಂದವಳೇ ಗಂಡನಿಗೆ ಎಲ್ಲ ಹೇಳಿದಳು.

ವೆಂಡೆಲ್ ಕೇಳಿಸಿಕೊಂಡು ಮೂಸ್‌ನ ಕಿವಿ ಸವರುತ್ತ ಕೂತ. "ಬಾಯಿ ಮುಚ್ಕೊಂಡಿರು ರೋ," ಎಂದ. "ಹಕ್ಕಿ ವಾಪಸ್ ಬರಲ್ಲ. ಹೇಳಿದ್ರೆ, ಮರಿ ಕೊಂದ ನಾಯಿ ಅಂತ ಮೊದಲ್ನೇ ಸಲಕ್ಕೇ ಇವನನ್ನ ತೀರಕ್ಕೆ ಬಿಡಲ್ಲ. ಇವನಿಗಿರೋದೇ ಇನ್ನು ಹತ್ತು ದಿನ ಕಣೇ. ಆಮೇಲೆ ಊರಿಗೆ ಹೋಗಿ ಏನು ಮಾಡ್ಬೇಕು ಅಂತ ಇಬ್ರಿಗೂ ಗೊತ್ತು. ಇಷ್ಟಾದ್ರೂ ಅನುಭವಿಸ್ಲಿ."

"ಲೈಲ್?"

"ಅವನ ನಾಯಿ ಇವತ್ತಲ್ಲ ನಾಳೆ ಏನಾದ್ರೂ ಮಾಡೇ ಮಾಡ್ತಿತ್ತು."

ಕೇಳಲು ಹಿತವಾದ ಮಾತು, ರೋವೀನಾ ಅದನ್ನು ನಂಬಲು ಶಕ್ತಿಮೀರಿ ಪ್ರಯತ್ನಿಸಿದಳು. ಮೂಸ್ ದಿನೇ ದಿನೇ ಚೇತರಿಸಿಕೊಳ್ಳುತ್ತಿದ್ದದ್ದು ಇನ್ನೊಂದು ಕಷ್ಟ. ವೆಂಡೆಲ್ ಬೆಳಿಗ್ಗೆ ಸಂಜೆ ಟವೆಲ್ ಕಟ್ಟಿ ನೀರಿಗಿಳಿಸುತ್ತಿದ್ದ, ಉಪ್ಪುನೀರಲ್ಲಿ ಆ ಕಾಲುಗಳಿಗೆ ಎಲ್ಲಿಂದಲೋ ಜೀವ ಬರುತ್ತಿತ್ತು.

ಬುಧವಾರ ಸಂಜೆ ಲೈಲ್ ಬಾಗಿಲಿಗೇ ಬಂದ. ಡಚೆಸ್ ಹಗ್ಗದಲ್ಲಿದ್ದಳು, ಹೊಸ ಹಗ್ಗ. ಮೂಸ್ ಅವಳನ್ನು ಮೂಸಿ ಬಾಲ ಆಡಿಸಿದ.

"ಮೇಡಂ, ನಿಮಗೆ ನನ್ನ ಕಂಡ್ರೆ ಆಗಲ್ಲ, ಗೊತ್ತು," ಎಂದ ಲೈಲ್. "ಆದ್ರೆ ಮಂಗಳವಾರ ಇವಳು ಹೊರಗೆ ಬಂದೇ ಇಲ್ಲ. ಹೊಟ್ಟೆ ಕೆಟ್ಟಿತ್ತು, ವ್ಯಾನೆಲ್ಲ ಗಲೀಜು ಮಾಡಿದ್ಲು, ಏಳರವರೆಗೂ ಅದನ್ನೇ ತೊಳೀತಿದ್ದೆ. ಯಾರೂ ನಂಬ್ತಿಲ್ಲ. ಹಿತ್ತಿಲು ಕೊಟ್ಟವರೂ ಜಾಗ ಖಾಲಿ ಮಾಡು ಅಂತಿದಾರೆ. ನಾಯಿ ವಿಷಯಕ್ಕೆ ನೀವೊಂದು ಮಾತು ಹೇಳಿದ್ರೆ ಫಿಲೋಮಿನಾ ಕೇಳ್ತಾರೆ."

ಅವನು ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದ. ಕೈಯ ತುಂಬ ಎಣ್ಣೆ ಸಿಡಿದ ಬೊಬ್ಬೆಗಳು. ಹೇಳಿಬಿಡಬೇಕು ಎಂದು ರೋವೀನಾ ಬಾಯಿ ತೆರೆದಳು. ಅಡುಗೆಮನೆಯಲ್ಲಿ ವೆಂಡೆಲ್ ಕೆಮ್ಮಿದ.

"ನೋಡ್ತೀನಿ," ಎಂದಳು.

"ಅಷ್ಟಾದ್ರೆ ಸಾಕು ಮೇಡಂ, ತುಂಬಾ ಉಪಕಾರ," ಎಂದ ಅವನು. ಅವನ ಆ ಉಪಕಾರ ಎಂಬ ಮಾತು ಅವಳನ್ನು ತಿಂದುಹಾಕಿತು. ರಾತ್ರಿ ಮೂಸ್ ತಲೆಯನ್ನು ಅವಳ ಪಾದದ ಮೇಲಿಟ್ಟು ಮಲಗಿದ್ದ, ಏನೂ ತಪ್ಪು ಮಾಡದವನ ಹಾಗೆ. ನಿಜವೂ ಅದೇ, ತಪ್ಪು ಅವನದಲ್ಲ. ಕಲಿಸಿದ್ದನ್ನು ಕಲಿಸಿದ ಹಾಗೆ ಮಾಡಿದ್ದ.

ಗುರುವಾರ ಎದ್ದವಳೇ ಗೂಡಂಗಡಿಗೆ ನಡೆದಳು. ಮೊದಲು ಲೈಲ್‌ಗೆ ಹೇಳಬೇಕು, ಆಮೇಲೆ ಉಳಿದವರಿಗೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಅಂಗಡಿಯಲ್ಲಿ ಬೇರೊಬ್ಬಳು ಏಡಿ ತೊಳೆಯುತ್ತಿದ್ದಳು.

"ಲೈಲ್ ಬೇಕಿತ್ತಾ? ಹೊರಟೋದ. ನಿನ್ನೆ ಸಂಜೆ ಏಳಕ್ಕೆ ಮೂರನೇ ನೋಟಿಸ್ ಕೊಟ್ರು, ಎಂಟಕ್ಕೆ ವ್ಯಾನ್ ತೆಗೆದ."

"ಎಲ್ಲಿಗೆ?"

"ಯಾರಿಗ್ಗೊತ್ತು. ಫೋನ್ ಮಾಡಿದ್ರೆ ಎತ್ತಲ್ಲ. ಅಪ್ಪ ಅಮ್ಮ ಇದ್ದಂಗಿಲ್ಲ ಅವನಿಗೆ. ನಾಯಿ ಒಂದೇ."

ಏಳು ಗಂಟೆ ಎಂದರೆ ಅವನು ಬಾಗಿಲಿಂದ ಹೋಗಿ ಅರ್ಧ ಗಂಟೆ. ಅವಳು "ನೋಡ್ತೀನಿ" ಎಂದ ಮಾತನ್ನು ನಂಬಿಕೊಂಡೇ ನೋಟಿಸು ಕೈಗೆ ತೆಗೆದುಕೊಂಡಿರುತ್ತಾನೆ.

ಫಿಲೋಮಿನಾ ಕಾಯಲು ಹಕ್ಕಿ ಇಲ್ಲದಿದ್ದರೂ ಕುರ್ಚಿ ಹಾಕಿಕೊಂಡು ಕೂತಿದ್ದಳು. "ಕಾಫಿ ಎಲ್ಲೇ?" ಎಂದಳು. ರೋವೀನಾ ನಿಂತೇ ಹೇಳಿದಳು. ಹಗ್ಗ ಬಿಚ್ಚಿದ್ದು, ಸಿಳ್ಳೆ ತಡವಾದದ್ದು, ಅಂಗೈ, ಚೀಲ, ಡಬ್ಬಿ, ಬಾಗಿಲಲ್ಲಿ ಲೈಲ್ ನಿಂತದ್ದು, ಒಂದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ, ಬೈಗುಳಕ್ಕೆ ತಲೆ ಕೊಟ್ಟು ನಿಂತಳು. ಬೈದರೆ ಸಾಕಿತ್ತು.

ಫಿಲೋಮಿನಾ ಅಲೆಗಳನ್ನು ನೋಡುತ್ತಲೇ ಮಾತಾಡಿದಳು, ಧ್ವನಿ ಏರಲಿಲ್ಲ.

"ಮರಿ ಹೋಯ್ತು, ಅದನ್ನ ನುಂಗ್ಕೋತೀನಿ. ಕಾಗೆ ತಿಂದದ್ದನ್ನ ನುಂಗ್ಕೊಂಡಿಲ್ವಾ. ನಾಯಿ ಮೇಲೂ ನಂಗೆ ಸಿಟ್ಟಿಲ್ಲ, ಪಾಪದ್ದು." ಆಮೇಲೆ ರೋವೀನಾಳನ್ನು ನೋಡಿದಳು. "ನಾನು ಏನೂ ನೋಡಿರ್ಲಿಲ್ಲ ಕಣೇ. ನೋಡ್ದೆ ಅಂದೆ. ಸುಳ್ಳು ಹೇಳಿ ಒಬ್ಬ ನೆಲೆ ಇಲ್ಲದೋನ್ನ ಓಡಿಸ್ಬಿಟ್ಟೆ. ನಾನು ಸುಳ್ಳು ಹೇಳ್ತಿದೀನಿ ಅಂತ ಆಗ ನನ್ನ ಬಿಟ್ರೆ ಲೋಕದಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಅವಳು ನನ್ನ ಪಕ್ಕದಲ್ಲೇ ಕಾಫಿ ಹಿಡ್ಕೊಂಡು ನಿಂತಿದ್ಲು. ನನ್ನ ತಡೀಲಿಲ್ಲ."

ಮರಿಯ ಬಗ್ಗೆ, ಮೂಸ್ ಬಗ್ಗೆ, ಲೈಲ್ ಬಗ್ಗೆ ರೋವೀನಾ ಎರಡು ದಿನ ಒದ್ದಾಡಿದ್ದಳು. ಇದು ಮಾತ್ರ ಅವಳ ತಲೆಗೇ ಹೊಳೆದಿರಲಿಲ್ಲ.

"ನಡಿ," ಎಂದು ಫಿಲೋಮಿನಾ ಕುರ್ಚಿ ಮಡಚಿದಳು. "ಟೆಸ್ಸಾ ಕಚೇರೀಲಿ ಇರ್ತಾಳೆ. ನಿಂದು ನೀನು ಹೇಳು, ನಂದು ನಾನು ಹೇಳ್ತೀನಿ. ಅವನ್ನ ಹುಡುಕೋಕಾಗತ್ತಾ ಕೇಳೋಣ."

"ಕುರ್ಚಿ ಕೊಡು, ನಾನು ಹಿಡ್ಕೋತೀನಿ."

"ಬೇಡ."

ಮುದುಕಿ ಕುರ್ಚಿಯನ್ನು ಕಂಕುಳಲ್ಲಿಟ್ಟುಕೊಂಡು ಮರಳಿನಲ್ಲಿ ಕಾಲೆಳೆಯುತ್ತ ಮುಂದೆ ನಡೆದಳು. ನೀರಿನಂಚಿಗೆ ಬಂದಾಗ ವೆಂಡೆಲ್ ಸೊಂಟಮಟ್ಟ ಸಮುದ್ರದಲ್ಲಿ ನಿಂತು ಟವೆಲ್ಲನ್ನು ತಲೆಯ ಮೇಲೆ ಬೀಸುತ್ತಿದ್ದ. "ರೋ! ನೋಡೇ ಇಲ್ಲಿ! ಟವೆಲ್ ಇಲ್ದೇ ನಿಂತ್ಕೊಂಡ, ತಾನೇ ನಿಂತ್ಕೊಂಡ!" ಎಂದು ಕೂಗಿದ. ಮೂಸ್ ಅವಳ ಕಡೆ ತಿರುಗಿ ಬಾಲ ಬಡಿದ, ನೀರು ಚಿಮ್ಮಿತು. ಕಚೇರಿಯಿಂದ ಹೊರಬರುವ ಹೊತ್ತಿಗೆ ಅವನ ಪಾಲಿನ ಸಮುದ್ರ ಮುಗಿದಿರುತ್ತದೆ ಎಂದು ರೋವೀನಾಗೆ ಗೊತ್ತಿತ್ತು. ಒಂದು ಗಳಿಗೆ ನಿಲ್ಲು ಎಂದು ಮುಂದಿದ್ದವಳನ್ನು ಕೇಳಬಹುದಿತ್ತು. ಅವಳು ಕೇಳಲಿಲ್ಲ, ಫಿಲೋಮಿನಾಳ ಹಿಂದೆಯೇ ದಿಬ್ಬ ಹತ್ತಿದಳು.