ಸೀಮೆಸುಣ್ಣದ ತುಂಡು

ಆ ಬೆಳಿಗ್ಗೆ ಮಂಜು ಎಂಥದು ಬಿದ್ದಿತ್ತೆಂದರೆ, ಕಾಲೇಜಿನ ಕಾರಿಡಾರಿನಲ್ಲಿ ದೊಡ್ಡ ಸಾರ್ ಮುಖ ಕಾಣುವ ಮೊದಲೇ ಅವರ ಬೈಗುಳ ಬಂದು ನನಗೆ ತಾಕಿತು.

“ಎಲ್ಲೇ ನಿನ್ನೆಯ ತುಂಡು? ನಿಮ್ಮಪ್ಪ ಗಂಟು ಕಟ್ಟಿ ಇಟ್ಟು ಹೋಗಿದ್ನೇನೇ, ಮನೆಗೆ ಹೊತ್ಕೊಂಡು ಹೋಗೋಕೆ?”

ಅವರು ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥರು. ನಾನು ಅಲ್ಲಿನ ಅತಿಥಿ ಉಪನ್ಯಾಸಕಿ. ಅತಿಥಿ ಎಂಬುದು ಹೆಸರಿಗೆ. ಕೂರಲು ಕುರ್ಚಿಯಿಲ್ಲ, ರಜೆಯ ತಿಂಗಳಿಗೆ ಸಂಬಳವಿಲ್ಲ. ನಮ್ಮಂಥವರಿಗೆ ದಿನಕ್ಕೊಂದು ಸೀಮೆಸುಣ್ಣ. ಸಂಜೆ ಉಳಿದ ತುಂಡನ್ನು ದೊಡ್ಡ ಸಾರ್ ಅವರ ಅಂಗೈಯಲ್ಲಿಟ್ಟರೆ ಮಾತ್ರ ಮರುದಿನ ಹೊಸದು. ಕಾಯಂ ಮೇಷ್ಟ್ರುಗಳ ಮೇಜಿನ ಮೇಲೆ ಅದು ಡಬ್ಬಿಗಟ್ಟಲೆ ಬಿದ್ದಿರುತ್ತಿತ್ತು.

“ನಿನ್ನೆ ಸಂಜೆ ನೀವು ಬೇಗ ಹೊರಟ್ರಿ ಸಾರ್. ಮನೇಲಿ ಉಳೀತು. ನಾಳೆ ತರ್ತೀನಿ.”

“ಹಾಗಾದ್ರೆ ಹೊಸದೂ ನಾಳೇನೇ.”

ಅಂದು ಕಾಯಂ ಹುದ್ದೆಯ ಸಂದರ್ಶನ. ಪಾಠ ಮಾಡಿ ತೋರಿಸಬೇಕಿತ್ತು. ಗೋಡೆಗೊರಗಿ ನಿಂತಿದ್ದ ಅಭ್ಯರ್ಥಿಗಳೆಲ್ಲ ತಮ್ಮ ತಮ್ಮ ಫೈಲು ತೆರೆದು ನೋಡತೊಡಗಿದರು. ಯಾರದೋ ಮಾನ ಹೋಗುವಾಗ ಓದಿದವರಿಗೆ ಓದಲು ಏನಾದರೊಂದು ಸಿಕ್ಕೇ ಸಿಗುತ್ತದೆ.

ಊರೂರಿನ ಕಾಲೇಜುಗಳಿಗೆ ಅರ್ಜಿ ಹಾಕಿ ಹಾಕಿ ನನ್ನ ವಯಸ್ಸು ಮಿತಿಯ ಅಂಚಿಗೆ ಬಂದಿತ್ತು. ಈ ವರ್ಷ ತಪ್ಪಿದರೆ ಮುಂದೆ ಅರ್ಜಿ ಹಾಕುವ ಹಾಗೂ ಇಲ್ಲ. ನಿದ್ದೆಯಲ್ಲಿ ಯಾರೋ ನನ್ನ ಹೆಸರು ಕರೆದಂತಾಗಿ ಎದ್ದು ಕೂರುತ್ತಿದ್ದೆ. ಅವ್ವ ಲಾಡ್ಜಿನ ಹಾಸಿಗೆ ಬಟ್ಟೆ ಒಗೆಯುವವಳು. “ಕರೆಯೋನು ದೇವರು. ಸರದಿ ಬಂದಾಗ ಕರೀತಾನೆ, ಮಲಕ್ಕೊ,” ಅನ್ನುತ್ತಿದ್ದಳು. ಆ ತುಂಡು ಉಳಿದದ್ದೂ ಅವಳಿಂದಲೇ. ಸಂದರ್ಶನಕ್ಕೆ ಹಾಕುವ ಬಟ್ಟೆಯ ಎಣ್ಣೆಕಲೆಗೆ ಅದನ್ನು ಉಜ್ಜಿ, ಒಳ್ಳೆಯದಾಗಲಿ ಎಂದು ದೇವರ ಮುಂದಿಟ್ಟು ಕೈಮುಗಿದಿದ್ದಳು.

ಹಿಂದಿನ ತಿಂಗಳು ದೊಡ್ಡ ಸಾರ್ ನನ್ನನ್ನು ಕರೆಸಿದ್ದರು. “ನನ್ನ ಅಳಿಯನೂ ಅರ್ಜಿ ಹಾಕಿದ್ದಾನೆ. ಅವನಿಗೆ ನಿನ್ನ ಬಂದಳಿಕೆ ಗಿಡದ ಪಾಠ ಹೇಳ್ಕೊಡು. ಅನುಭವ ಪತ್ರಕ್ಕೆ ಸಹಿ ಬೇಕೋ ಬೇಡ್ವೋ ನಿನಗೆ?”

ಹೇಳಿಕೊಟ್ಟೆ. ಎಲ್ಲಿ ನಗಿಸಬೇಕು, ಯಾವ ಪ್ರಶ್ನೆ ಕೇಳಿ ಎಷ್ಟು ಹೊತ್ತು ಸುಮ್ಮನಿರಬೇಕು, ಎಲ್ಲ. ಅಳಿಯ ಬಾಯಿಪಾಠ ಮಾಡಿಕೊಂಡ. ಸಹಿ ಬಿದ್ದ ದಿನ ದೊಡ್ಡ ಸಾರ್, “ಆ ಪಾಠ ಇನ್ನು ಅವನದು. ನೀನು ಎಲೆಯೋ ಕಡ್ಡಿಯೋ ಏನಾದ್ರೂ ನೋಡ್ಕೋ,” ಎಂದರು.

ಅವ್ವನಿಗೆ ಹೇಳಿದೆ. “ಹೊಳೆ ದಾಟಿದ ಮೇಲೆ ಅಂಬಿಗನ ಮಿಂಡ ಅನ್ನೋ ಸೂಳೆಮಗ,” ಎಂದವಳೇ ನಾಲಿಗೆ ಕಚ್ಚಿಕೊಂಡು, “ತಪ್ಪಾಯ್ತಪ್ಪಾ ದೇವ್ರೇ,” ಎಂದಳು. ಆದರೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

“ಬೆಂಚು ತುಂಬಿಸೋಕೆ ಯಾವುದಾದ್ರೂ ಕ್ಲಾಸು ಎಳ್ಕೊಂಡು ಬಾ ಹೋಗು,” ಎಂದರು ದೊಡ್ಡ ಸಾರ್ ಈಗ, ಮಂಜಿನೊಳಗಿನಿಂದ.

ಕಾಲೇಜಿನಲ್ಲಿ ಕ್ಲಾಸುಗಳು ಬೇಕಾದಷ್ಟಿದ್ದವು. ನನ್ನಿಂದ ಬಂದಳಿಕೆ ಪಾಠ ಕೇಳಿದ್ದ ಕ್ಲಾಸನ್ನೇ ಕರೆತಂದೆ. “ಗೊತ್ತಿರೋದು ಕೇಳಿದ್ರೆ ಬಾಯಿಗೆ ಬೀಗ ಹಾಕ್ಕೊಂಡು ಕೂರಬೇಡಿ,” ಎಂದಷ್ಟೇ ಹೇಳಿದೆ.

ಮೊದಲು ನನ್ನನ್ನು ಕರೆದರು. ಕೈಯಲ್ಲಿ ಸೀಮೆಸುಣ್ಣವಿಲ್ಲ. ಕಿಟಕಿಯ ಗಾಜಿನ ಮೇಲೆ ಹಬೆ ಕಟ್ಟಿತ್ತು. ಅದರ ಮೇಲೆ ಬೆರಳಿನಿಂದಲೇ ಎಲೆ ಬರೆದು, ನರ ಎಳೆದು, ಮಾತು ಶುರು ಮಾಡಿದೆ. ಸಂದರ್ಶನಕ್ಕೆಂದು ಬೇರೆ ಊರಿನಿಂದ ಬಂದಿದ್ದ ತಜ್ಞೆ ಕನ್ನಡಕ ಏರಿಸಿ ನೋಡಿದರು.

“ಸಾಕು ಸಾಕು,” ಎಂದರು ದೊಡ್ಡ ಸಾರ್. “ಗಾಜು ಒರೆಸೋ ಕಸುಬು ಇಲ್ಲಿ ಬೇಡ. ಇವಳ ತಾಯಿ ಲಾಡ್ಜಲ್ಲಿ ಬಟ್ಟೆ ಒಗೀತಾಳೆ ಮೇಡಂ, ಅದೇ ಅಭ್ಯಾಸ.” ನಕ್ಕರು. “ಹಿಂದೆ ಹೋಗಿ ಹುಡುಗರನ್ನ ಸುಮ್ಮನಿರಿಸಮ್ಮ.”

ಗಾಜಿನ ಮೇಲಿನ ಎಲೆ ನೀರಾಗಿ ಇಳಿಯಿತು. ಹಿಂದೆ ಹೋಗಿ ನಿಂತೆ.

ಅಳಿಯ ಹೊಸ ಡಬ್ಬಿ ಒಡೆದ. ಹಲಗೆಯ ಮೇಲೆ ಮರ ಬರೆದ, ಅದರ ಕೊಂಬೆಗೆ ಬಂದಳಿಕೆ ಬರೆದ. ನನ್ನ ಹಾಗೆಯೇ ತಲೆ ಓರೆ ಮಾಡಿ ಕೇಳಿದ:

“ಬಂದಳಿಕೆಗೆ ಮಣ್ಣಲ್ಲಿ ಬೇರು ಯಾಕಿಲ್ಲ?”

ಅವನು ಸುಮ್ಮನಿರಬೇಕಾದಷ್ಟು ಹೊತ್ತು ಸುಮ್ಮನಿರಲು ಹುಡುಗರು ಬಿಡಲಿಲ್ಲ. “ಮರ ಮೈಮುರಿದು ನೀರು ಎಳೆಯೋವಾಗ ಅದಕ್ಯಾಕೆ ಸಾರ್ ಬೇರು!”

ಅಳಿಯ ಮುಂದಿನ ಪ್ರಶ್ನೆಗೆ ಹಾರಿದ. “ಸರಿ... ಬೀಜ ಯಾರು ತರ್ತಾರೆ?”

“ಹಕ್ಕಿ ಸಾರ್! ಕೊಕ್ಕಿಗೆ ಅಂಟಿದ್ದನ್ನ ಕೊಂಬೆಗೆ ಹಿಂಗೆ ಉಜ್ಜುತ್ತೆ!” ಇಡೀ ಕ್ಲಾಸು ಮೂಗನ್ನು ಭುಜಕ್ಕೆ ತಿಕ್ಕಿತು. ಕಲಿತದ್ದು ಬಿಡುತ್ತದೆಯೇ? ಅವರ ಹಿಂದೆಯೇ ಅಳಿಯನೂ ತಿಕ್ಕಿದ. ಬೆಂಚುಗಳು ನಗುವಿಗೆ ಅಲ್ಲಾಡಿದವು.

“ಸುಮ್ನಿರ್ರೋ ನಾಯಿಗಳಾ!” ದೊಡ್ಡ ಸಾರ್ ಎದ್ದು ನಿಂತರು.

“ಕೂತ್ಕೊಳ್ಳಿ,” ಎಂದರು ತಜ್ಞೆ. “ಮಕ್ಕಳೇ, ಇದನ್ನ ನಿಮಗೆ ಯಾರು ಹೇಳ್ಕೊಟ್ಟಿದ್ದು?”

ಎಲ್ಲರೂ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು.

ತಜ್ಞೆ ಅಳಿಯನ ಕಡೆ ನೋಡಿದರು. “ಇವರಿಗೆ ಗೊತ್ತಿಲ್ಲದ್ದು ಏನಾದ್ರೂ ಹೇಳಿ.”

ಅಳಿಯ ಮಾವನ ಮುಖ ನೋಡಿದ. ಅಲ್ಲಿ ಏನೂ ಬರೆದಿರಲಿಲ್ಲ.

ಕ್ಷಮೆ ದೊಡ್ಡದೆಂದು ಅವ್ವ ಹೇಳಿಕೊಟ್ಟಿದ್ದಳು. ಆ ಗಳಿಗೆ ಎದೆಯೊಳಗೆ ಅದನ್ನು ಹುಡುಕಿದೆ, ಸಿಗಲಿಲ್ಲ. ಹುಡುಕಿದ್ದೂ ಹೆಸರಿಗಷ್ಟೇ.

ಮಧ್ಯಾಹ್ನದ ಹೊತ್ತಿಗೆ ಮಂಜು ಕರಗಿತ್ತು. ನೋಟೀಸು ಹಾಕಿದರು: ಈ ಸಲ ಹುದ್ದೆ ಯಾರಿಗೂ ಇಲ್ಲ.

ದೊಡ್ಡ ಸಾರ್ ಗೇಟಿನವರೆಗೆ ಬೆನ್ನಟ್ಟಿ ಬಂದರು. “ನಿನ್ನ ಅನ್ನಕ್ಕೆ ನೀನೇ ಮಣ್ಣು ಹಾಕ್ಕೊಂಡೆ ಕಣೇ ಮುಂಡೆ!”

“ಹೌದು ಸಾರ್. ನಿಮ್ಮ ಅಳಿಯನ ತಟ್ಟೆಗೂ ಒಂದು ಹಿಡಿ ಹಾಕಿದೆ.”

“ನಾಳೆಯಿಂದ ಈ ಕಡೆ ಕಾಲಿಟ್ರೆ ಕಾಲು ಮುರೀತೀನಿ.”

ಗೇಟಿನಾಚೆ ಅವ್ವ ನಿಂತಿದ್ದಳು. ನಾನು ತುಂಡು ಮರೆತದ್ದು ಕಂಡು ಬೆಳಿಗ್ಗೆಯೇ ಹಿಂದೆ ಓಡಿ ಬಂದಿದ್ದಳಂತೆ. ಕಾವಲಿನವನು ಒಳಗೆ ಬಿಟ್ಟಿರಲಿಲ್ಲ. ನನ್ನ ಮುಖ ನೋಡಿದಳು. ದೊಡ್ಡ ಸಾರ್ ಎದುರು ಹೋಗಿ ಕರವಸ್ತ್ರದ ಗಂಟು ಬಿಚ್ಚಿದಳು.

ದಿನಾ ಸಂಜೆ ತುಂಡು ಇಸಿದುಕೊಂಡ ಕೈ ಅವರದು. ಅಂಗೈ ತಾನಾಗಿಯೇ ತೆರೆಯಿತು. ಮೇಲಿನ ಕಿಟಕಿಗಳಲ್ಲಿ ನನ್ನ ಕ್ಲಾಸಿನ ಹುಡುಗರೆಲ್ಲ ತುಂಬಿದ್ದರು.

ಅವ್ವ ತುಂಡನ್ನು ಅದರಲ್ಲಿಟ್ಟಳು. ಒಗೆಯುವ ಸೋಡಾ ತಿಂದು ಸೀಳಿದ ತನ್ನ ಬೆರಳುಗಳಿಂದ ಅವರ ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

“ತಗೊಳ್ಳಿ ಸಾಮಿ. ನಮ್ಮನೇಲಿ ನಿಮ್ದು ಇನ್ನೇನೂ ಇಲ್ಲ.”