ಪೇಚಿಯಮ್ಮನ ಕೈಗುಣ

ಕೋವಿಲ್ಪಟ್ಟಿಯಾಚೆಯ ಆ ಕರಿಮಣ್ಣಿನ ಊರಿನಲ್ಲಿ ಕೋಳಿ ಕಾವಿಗೆ ಬಂದರೆ ಹೆಂಗಸರು ಮೊದಲು ಹುಡುಕುತ್ತಿದ್ದದ್ದು ಮೊಟ್ಟೆಯನ್ನಲ್ಲ, ಪೇಚಿಯಮ್ಮನನ್ನು. ಬುಟ್ಟಿಗೆ ಮರಳು ಹರವಿ, ಸಿಡಿಲಿಗೆ ಮೊಟ್ಟೆ ಕೆಡದಿರಲೆಂದು ಒಂದು ಮೊಳೆ, ಒಂದು ಚೂರು ಇದ್ದಿಲು, ಒಂದು ಒಣಮೆಣಸಿನಕಾಯಿ ಇಟ್ಟು, ಮೊಟ್ಟೆಗಳನ್ನು ಅವಳೇ ಜೋಡಿಸಬೇಕು. ಅವಳು ಹನ್ನೊಂದಿಟ್ಟರೆ ಹನ್ನೊಂದೂ ಮರಿ. ಬೇರೆಯವರು ಇಟ್ಟರೆ ನಾಲ್ಕಾದರೂ ಗೊಡ್ಡು. ಇಪ್ಪತ್ತೊಂದು ದಿನ ಕೂತು ಮೈ ಸವೆಸುವುದು ಪಾಪ ಕೋಳಿ, ಹೆಸರು ಪೇಚಿಯಮ್ಮನಿಗೆ. ಅವಳೂ ಬೇಡ ಅನ್ನಲಿಲ್ಲ. ಹೊಗಳಿಕೆ ಯಾರಿಗೆ ಕಹಿ?

ಒಬ್ಬಳೇ ಮಗಳು ಇಸಕ್ಕಿಗೆ ಏಳು ತಿಂಗಳಾಗಿ ಬಳೆ ತೊಡಿಸುವ ಶಾಸ್ತ್ರ ನಡೆದಾಗ, ಮೊದಲ ಬಳೆ ಗಂಡನ ಅಕ್ಕ ಹಾಕಬೇಕಿತ್ತು. ಬೀಗಿತ್ತಿಯೇ ತಡೆದಳು. "ಊರ ಕೋಳಿಗೆಲ್ಲಾ ನಿಮ್ಮ ಕೈ ಬೇಕು, ನನ್ನ ಸೊಸೆಗೆ ಬೇಡ್ವಾ? ನೀವೇ ಹಾಕಿ." ಪೇಚಿಯಮ್ಮ ಹಿಗ್ಗಿ ಹೀರೇಕಾಯಿಯಾಗಿ ಮಗಳ ಕೈಗೆ ಬಳೆ ಏರಿಸಿದಳು.

ಮಗು ಸತ್ತೇ ಹುಟ್ಟಿತು. ಹೊಕ್ಕುಳಬಳ್ಳಿ ಕೊರಳಿಗೆ ಎರಡು ಸುತ್ತು ಬಿದ್ದಿತ್ತೆಂದು ದಾದಿ ಹೇಳಿದಳು. ಅದೇ ಬೀಗಿತ್ತಿ ಹತ್ತು ಜನರ ಮುಂದೆ ಅಂದಳು: "ಬಳೆ ಹಾಕಿದ ಕೈಯೇ ನನ್ನ ಮೊಮ್ಮಗನ ಕೊರಳಿಗೆ ಬಳ್ಳಿ ಹಾಕ್ತು." ಆಡುವವರಿಗೇನು, ನಾಲಿಗೆಗೆ ಎಲುಬಿಲ್ಲ. ಆದರೆ ಆ ಮಾತು ಬಾಣಂತಿಗಿಂತ ಮೊದಲೇ ಊರು ಸೇರಿತು.

ಅಮ್ಮನ ಮನೆಗೆ ಬಂದ ಇಸಕ್ಕಿ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದಳು. ಕುಡಿಯುವ ಬಾಯಿಲ್ಲದಿದ್ದರೂ ಎದೆಗೆ ಹಾಲು ಬಂದಿತ್ತು. ಪೇಚಿಯಮ್ಮ ಎರಡು ಮೊಳ ಮಲ್ಲಿಗೆ ತಂದು, ಹಾಲು ಬತ್ತಲೆಂದು ಮಗಳ ಎದೆಗೆ ಬಿಗಿದು ಕಟ್ಟಿದಳು. ಇಸಕ್ಕಿ ಅಳಲಿಲ್ಲ, ಬೈಯಲಿಲ್ಲ, ಉಣ್ಣಲೂ ಇಲ್ಲ. ದಿನಕ್ಕೆ ಎರಡು ಗುಟುಕು ಗಂಜಿ ಒಳಗೆ ಹೋದರೆ ಪುಣ್ಯ. ಹದಿನೈದು ದಿನಕ್ಕೆ ಕೈ ಕಡ್ಡಿಯಾಯಿತು. ಇವಳೂ ಹೋಗಿಬಿಡುತ್ತಾಳೆ ಎಂದು ಪೇಚಿಯಮ್ಮ ರಾತ್ರಿಯೆಲ್ಲಾ ಎದ್ದೆದ್ದು ಮಗಳ ಉಸಿರು ನೋಡಿದಳು.

ಬೀದಿಯವರು ಕರೆಯುವುದನ್ನೂ ಬಿಟ್ಟರು. ಪಕ್ಕದ ಮನೆಯ ಮಾರಿಕ್ಕನಿ ಗೋಡೆಯಾಚೆಯಿಂದ, "ನಮ್ಮ ಕೋಳಿ ಕಾವು ಬಿಟ್ಟುಬಿಡ್ತು ಅಕ್ಕಾ, ಈ ಸಲ ಇಡಲ್ಲ" ಎಂದಳು. ಅವಳ ಬೆನ್ನ ಹಿಂದೆಯೇ ಆ ಕೋಳಿ ಮೈಯುಬ್ಬಿಸಿಕೊಂಡು ಕೊರ್ ಕೊರ್ ಅನ್ನುತ್ತಿತ್ತು. ಅದಕ್ಕೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

ಅಷ್ಟರಲ್ಲಿ ಪೇಚಿಯಮ್ಮನ ಸ್ವಂತ ಚುಕ್ಕಿಕೋಳಿಯೇ ಕಾವಿಗೆ ಬಂತು. ಮೊಟ್ಟೆ ಇಡುವ ಧೈರ್ಯ ಅವಳಿಗಿರಲಿಲ್ಲ. ಖಾಲಿ ಬುಟ್ಟಿಯಲ್ಲೇ ಮೂರು ದಿನ ಕೂತ ಕೋಳಿಯನ್ನು, ಕಾವು ಇಳಿಯಲೆಂದು ಎತ್ತಿ ತೊಟ್ಟಿಯ ನೀರಿನಲ್ಲಿ ಮುಳುಗಿಸಿದಳು. ಅದು ಒದ್ದೆ ರೆಕ್ಕೆ ಎಳೆದುಕೊಂಡು ಮತ್ತೆ ಬುಟ್ಟಿಗೇ ಓಡಿತು. ಮತ್ತೆ ಮುಳುಗಿಸಿದಳು.

"ಬಿಡಮ್ಮಾ ಅದನ್ನ."

ಇಸಕ್ಕಿ ಹಿತ್ತಿಲ ಬಾಗಿಲು ಹಿಡಿದು ನಿಂತಿದ್ದಳು.

"ನನಗೆ ಮಲ್ಲಿಗೆ ಕಟ್ಟಿದೆ, ಅದಕ್ಕೆ ತಣ್ಣೀರು. ಅದಕ್ಕಾದ್ರೂ ಮೊಟ್ಟೆ ಇಡು."

"ಬೇಡ ಕಣೇ ಮಗಳೇ. ನನ್ನ ಕೈ..."

"ನಿನ್ನ ಕೈಯೇ ಬೇಕು. ಮರಿಯಾದ್ರೆ, ಅತ್ತೆ ಅಂದಿದ್ದು ಸುಳ್ಳು ಅಂತ ನನಗೆ ಗೊತ್ತಾಗತ್ತೆ."

ಮೊಟ್ಟೆ ಇಡುವಾಗ ಸೂತಕದ ನೆರಳು ಬೀಳಬಾರದು. ಇಸಕ್ಕಿ ತಾನಾಗಿಯೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಪೇಚಿಯಮ್ಮ ಹನ್ನೊಂದು ಮೊಟ್ಟೆಗಳನ್ನು ಒಂದೊಂದಾಗಿ ಕಣ್ಣಿಗೊತ್ತಿಕೊಂಡು ಇಟ್ಟಳು. ಗೋಡೆಯಾಚೆಯಿಂದ ಮಾರಿಕ್ಕನಿ ಎಲ್ಲವನ್ನೂ ನೋಡುತ್ತಿದ್ದಳು.

ಇಪ್ಪತ್ತೊಂದು ದಿನ ಪೇಚಿಯಮ್ಮ ಬುಟ್ಟಿಯನ್ನು ಕಾದಳು. ಒಂದು ಮಧ್ಯಾಹ್ನ ಗುಡುಗಿದಾಗ ಬುಟ್ಟಿಯ ಮೇಲೆ ತಾನೇ ಬಗ್ಗಿ ಕೂತಳು. ಇಸಕ್ಕಿ ಮಾತ್ರ ದಿನಕ್ಕೊಮ್ಮೆ ಕೇಳುತ್ತಿದ್ದಳು: "ಎಷ್ಟು ದಿನ ಆಯ್ತು?"

ಇಪ್ಪತ್ತೊಂದನೆಯ ಬೆಳಗ್ಗೆ ಕೋಳಿಯ ಹೊಟ್ಟೆಯಡಿಯಿಂದ ಚಿಂವ್ ಚಿಂವ್ ಕೇಳಿಸಿತು. ಹೊತ್ತೇರುವಷ್ಟರಲ್ಲಿ ಹನ್ನೊಂದೂ ಒಡೆದು ಹನ್ನೊಂದೂ ಹೊರಬಂದವು. ಪೇಚಿಯಮ್ಮ ಸೆರಗಲ್ಲಿ ಎರಡು ಮರಿ ತುಂಬಿಕೊಂಡು ಹುಚ್ಚಿಯ ಹಾಗೆ ಒಳಗೆ ಓಡಿದಳು. "ಹನ್ನೊಂದೂ ಕಣೇ! ಒಂದೂ ಹುಸಿ ಹೋಗಿಲ್ಲ! ಬಾ, ಎದ್ದು ನೋಡು ಬಾ!"

ಇಸಕ್ಕಿ ಬಂದಳು. ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು. ಗದ್ದಲ ಕೇಳಿ ಮಾರಿಕ್ಕನಿಯೂ ಬಂದಿದ್ದಳು.

"ಹಾಗಾದ್ರೆ ನಿನ್ನ ಕೈಯಲ್ಲ," ಎಂದಳು ಇಸಕ್ಕಿ. ದನಿಯಲ್ಲಿ ಏರಿಳಿತವೇ ಇರಲಿಲ್ಲ. "ನಿನ್ನ ಕೈ ಚೆನ್ನಾಗೇ ಇದೆ. ಕೆಟ್ಟಿದ್ದು ನನ್ನ ಹೊಟ್ಟೆ. ನಾನೇ ಅವನ ಉಸಿರು ಕಟ್ಟಿಸಿದ್ದು."

ಪೇಚಿಯಮ್ಮನ ನಗು ಮುಖದ ಮೇಲೆಯೇ ಸತ್ತುಹೋಯಿತು. ಮರಿಗಳಿಗಾಗಿ ಹರಕೆ ಹೊತ್ತವಳು, ಹನ್ನೊಂದೂ ಕೊಳೆತಿದ್ದರೆ ಎಷ್ಟು ಚೆನ್ನಾಗಿತ್ತು ಅಂದುಕೊಂಡಳು. ಮಗಳು ಎದ್ದು ಒಳಗೆ ಹೊರಟಳು. ಈಗ ಗೋಡೆಗೆ ತಿರುಗಿ ಮಲಗಿದರೆ ಮತ್ತೆ ಏಳುವವಳಲ್ಲ, ಅದು ತಾಯಿಗೆ ಗೊತ್ತಾಯಿತು.

"ನಿಲ್ಲೇ," ಅಂದಳು. "ನಾನಿಡಲಿಲ್ಲ."

ಇಸಕ್ಕಿ ತಿರುಗಿದಳು.

"ಹೆದರಿಕೆ ಆಯ್ತು. ನಿನಗೆ ಸುಳ್ಳು ಹೇಳ್ದೆ. ಹಿತ್ತಿಲಿಂದ ಮಾರಿಕ್ಕನೀನ ಕರೆದು ಅವಳ ಕೈಯಲ್ಲಿ ಇಡಿಸ್ದೆ. ಬೇಕಾದ್ರೆ ಕೇಳು."

ಮಾರಿಕ್ಕನಿ ಬಾಯಿ ತೆರೆದಳು. ಪೇಚಿಯಮ್ಮನ ಕಣ್ಣು ನೋಡಿದಳು. "ಹೌದು ಕಣೇ ಇಸಕ್ಕಿ," ಅಂದಳು ಮೆಲ್ಲಗೆ, "ನಾನೇ ಇಟ್ಟಿದ್ದು."

ಇಸಕ್ಕಿಯ ಮುಖ ಕಿವುಚಿಕೊಂಡಿತು. "ಹಾಗಾದ್ರೆ ನೀನೇ! ಯಾಕೆ ಹಾಕ್ದೆ ನನಗೆ ಬಳೆ? ಯಾಕೆ ಹಾಕ್ದೆ?" ಎಂದು ಅಮ್ಮನ ಎದೆಗೆ ಎರಡೂ ಕೈಯಲ್ಲಿ ಗುದ್ದಿದಳು. ಗುದ್ದುತ್ತಲೇ, ಮಗು ಹೋದ ಮೇಲೆ ಮೊದಲ ಸಲ, ಬಾಯಿ ಬಿಟ್ಟು ಅತ್ತಳು. ಪೇಚಿಯಮ್ಮ ತಡೆಯಲಿಲ್ಲ. ಅಪ್ಪಿಕೊಳ್ಳಲು ಚಾಚಿದ ಕೈಯನ್ನು ಮಗಳು ತಳ್ಳಿದಾಗ, ಸೆರಗಿನೊಳಗೆ ಎಳೆದುಕೊಂಡಳು. ಇಸಕ್ಕಿ ಮಾರಿಕ್ಕನಿಯ ಹೆಗಲ ಮೇಲೆ ಬಿದ್ದು ಅತ್ತಳು.

ಅವತ್ತು ಸಂಜೆ ಇಸಕ್ಕಿ ಹಸಿವು ಅಂದಳು. ಪೇಚಿಯಮ್ಮ ತಟ್ಟೆ ತೆಗೆಯಲು ಹೋದಳು.

"ನೀನು ಮುಟ್ಟಬೇಡ," ಅಂದಳು ಮಗಳು.

ಮಾರಿಕ್ಕನಿ ಬಡಿಸಿದಳು. ಇಸಕ್ಕಿ ಅನ್ನ, ಒಣಮೀನಿನ ಕರುವಾಟು ಸಾರು ಕಲಸಿ ಉಂಡಳು. ಇನ್ನೊಂದು ಸಲ ಹಾಕಿಸಿಕೊಂಡಳು. ಪೇಚಿಯಮ್ಮ ಹೊಸ್ತಿಲಾಚೆ, ಮಗಳಿಗೆ ಕಾಣದ ಕಡೆ ಕೂತು, ಒಂದೊಂದು ತುತ್ತನ್ನೂ ಎಣಿಸಿದಳು.